ಕಡಲು ದಾಟಿದ ಮೂರು ಅಕ್ಷರಗಳು

ಸುಮಾತ್ರಾ ದ್ವೀಪದ ಪಾಲೆಂಬಾಂಗ್ ನಗರದ ಸಮೀಪದಲ್ಲಿ, ತಾತಾಂಗ್ ನದಿಯ ದಂಡೆಯ ಕೆದುಕಾನ್ ಬುಕಿತ್ ಎಂಬೆಡೆಯಲ್ಲಿ, 1920ರಲ್ಲಿ ಒಂದು ಸಣ್ಣ ಶಿಲಾಶಾಸನವು ದೊರೆಯಿತು. ಅದರ ಲಿಪಿ ಪಲ್ಲವ ಲಿಪಿ. ಕಾಲ ಶಕವರ್ಷ 604, ಎಂದರೆ ಕ್ರಿ.ಶ. 682, ಭಾಷೆ ಹಳೆಯ ಮಲಯ. ದಪುಂತ ಹಿಯಂಗ್ ಎಂಬ ಪ್ರಭುವು ವೈಶಾಖ ಶುಕ್ಲ ಏಕಾದಶಿಯಂದು ನಾವೆಯನ್ನೇರಿ ‘ಸಿದ್ಧಯಾತ್ರೆ’ಗೆ ಹೊರಟುದನ್ನೂ, ಅನಂತರ ಮಹಾಸೈನ್ಯದೊಡನೆ ಪ್ರಯಾಣ ಮಾಡಿ ಶ್ರೀವಿಜಯ ರಾಜ್ಯಕ್ಕೆ ಜಯವನ್ನು ತಂದುದನ್ನೂ ಆ ಕಲ್ಲು ಹೇಳುತ್ತದೆ. ನಮ್ಮ ನಾಡಿನ ಶಾಸನಗಳನ್ನು ಓದಿ ಪಳಗಿದ ಕಣ್ಣಿಗೆ ಅದು ಪರಕೀಯವೆಂದು ತೋರುವುದಿಲ್ಲ. ಶುಕ್ಲಪಕ್ಷವೂ ವೈಶಾಖವೂ ಲಕ್ಷವೂ ಕೋಶವೂ ಸಾಲುಸಾಲಿನಲ್ಲಿ ಪರಿಚಿತರಂತೆ ಎದುರಾಗುತ್ತವೆ. (ಮಲಯರ ‘ಲಕ್ಷ’ವು ಹತ್ತು ಸಾವಿರವೇ ಹೊರತು ನಮ್ಮ ನೂರು ಸಾವಿರವಲ್ಲ, ಆದುದರಿಂದ ಅಲ್ಲಿ ಹೇಳಿದ ಎರಡು ಲಕ್ಷ ಯೋಧರೆಂದರೆ ಇಪ್ಪತ್ತು ಸಾವಿರವೆಂದೇ ಗ್ರಹಿಸಬೇಕು.) ಆದರೆ ಕಾಲ್ನಡೆಯಲ್ಲಿ ಬಂದವರ ಸಂಖ್ಯೆ 1,312 ಎಂದು ಹೇಳಿ ಮುಗಿಸುವಲ್ಲಿ ಒಂದು ಪದವಿದೆ, ಅದು ಸಂಸ್ಕೃತವೂ ಅಲ್ಲ, ನಮ್ಮ ಕಡೆಯದೂ ಅಲ್ಲ. ಅದು ‘ವಞಕ್‌ಞ’. ‘ವಞಕ್’ ಎಂದರೆ ಬಹಳ. ಕೊನೆಯ ‘ಞ’ ಎಂದರೆ ‘ಅದರ’ ಅಥವಾ ‘ಅವರ’. ಎರಡೂ ಕೂಡಿದರೆ ‘ಅವರ ಬಾಹುಳ್ಯ’, ಎಂದರೆ ಎಣಿಕೆ.

ನಮ್ಮ ವರ್ಣಮಾಲೆಯಲ್ಲಿ ಚವರ್ಗದ ಪಂಕ್ತಿಯನ್ನು ತುಂಬುವುದಕ್ಕಾಗಿಯೇ ಇರುವಂತೆ ಕಾಣುವ, ಬಾಲಕರು ಬಾಯಿಪಾಠ ಮಾಡಿ ಮತ್ತೆ ಜೀವಮಾನದಲ್ಲಿ ಬರೆಯದೆ ಬಿಡುವ ಆ ಞಕಾರವು ಅಲ್ಲಿ ದಿನದಿನದ ಉಸಿರು. ಇಂದು ಅದೇ ಪಾಲೆಂಬಾಂಗಿನ ಸಂತೆಯಲ್ಲಿ ಮೀನಿನ ರಾಶಿಯ ಮುಂದೆ ನಿಂತವರು ‘ಬೆರಾಪ ಹರ್ಗಾನ್ಯ?’ ಎಂದು ಕೇಳುತ್ತಾರೆ. ‘ಎಷ್ಟು, ಅದರ ಬೆಲೆ?’ ಎಂದರ್ಥ. ‘ಹರ್ಗ’ವು ಸಂಸ್ಕೃತದ ‘ಅರ್ಘ’ದಿಂದ ಬಂದುದು. ‘ನ್ಯ’ವು ಮಾತ್ರ ಕಲ್ಲಿನ ಮೇಲಿನ ಆ ‘ಞ’ವೇ. ಸಾವಿರದ ಮುನ್ನೂರು ವರ್ಷಗಳಲ್ಲಿ ಶ್ರೀವಿಜಯವು ಅಳಿಯಿತು. ಬೌದ್ಧವಿಹಾರಗಳಿದ್ದ ನಾಡಿನಲ್ಲಿ ಮಸೀದಿಗಳೆದ್ದುವು. ಪಲ್ಲವ ಲಿಪಿಯು ಹೋಗಿ ಅರಬ್ಬಿ ಲಿಪಿಯೂ ಅದು ಹಿಂದೆ ಸರಿದು ರೋಮನ್ ಲಿಪಿಯೂ ಬಂದುವು. ನೆದರ್ಲೆಂಡಿನವರು ಬಂದು ಆಳಿ ಹಿಂದಿರುಗಿದರು. ಇಷ್ಟೆಲ್ಲ ಸಂಭವಿಸಿದರೂ ಒಂದು ನಾಮಪದದ ಬೆನ್ನಿಗಂಟಿದ ಒಂದೇ ಒಂದು ಅಕ್ಷರವು ಅಲುಗದೆ ಉಳಿದಿದೆ. ಭಾಷೆಯೊಂದರ ಪ್ರಾಣವು ದೊಡ್ಡ ದೊಡ್ಡ ಶಬ್ದಗಳಲ್ಲಿರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಅಕ್ಷರದ ಕತೆಯನ್ನು ತಿಳಿದ ಮೇಲೆ ನನಗೆ ಆ ಭಾವನೆಯು ಸಡಿಲವಾಯಿತು.

ಇಂಥ ಅಕ್ಷರಗಳು ಮಲಯದಲ್ಲಿಯೂ, ಅದರ ಇನ್ನೊಂದು ರೂಪವಾದ ಇಂಡೋನೇಶಿಯದ ರಾಷ್ಟ್ರಭಾಷೆಯಲ್ಲಿಯೂ ಮೂರು: ಉತ್ತಮ ಪುರುಷಕ್ಕೆ ‘ಕು’, ಮಧ್ಯಮ ಪುರುಷಕ್ಕೆ ‘ಮು’, ಪ್ರಥಮ ಪುರುಷಕ್ಕೆ ‘ನ್ಯ’. ‘ರುಮಾಹ್’ ಎಂದರೆ ಮನೆ. ‘ರುಮಾಹ್‌ಕು’ ನನ್ನ ಮನೆ, ‘ರುಮಾಹ್‌ಮು’ ನಿನ್ನ ಮನೆ, ‘ರುಮಾಹ್‌ನ್ಯ’ ಅವನ, ಅವಳ ಅಥವಾ ಅದರ ಮನೆ. ನಾವು ಸಂಬಂಧವನ್ನು ಮೊದಲು ಹೇಳಿ ವಸ್ತುವನ್ನು ಆಮೇಲೆ ಹೇಳುತ್ತೇವೆ. ಅವರು ವಸ್ತುವನ್ನು ಮುಂದಿಟ್ಟು, ಅದು ಯಾರದೆಂಬುದನ್ನು ಬಾಲದಂತೆ ಹಿಂದೆ ಸೇರಿಸುತ್ತಾರೆ. ಸಂಸ್ಕೃತವನ್ನು ಓದಿದವರಿಗೆ ‘ಮಮ’, ‘ತವ’ ಎಂಬ ಪೂರ್ಣರೂಪಗಳ ಪಕ್ಕದಲ್ಲಿ ‘ಮೇ’, ‘ತೇ’ ಎಂಬ ಹ್ರಸ್ವರೂಪಗಳಿರುವುದೂ, ಅವು ವಾಕ್ಯದ ಆದಿಯಲ್ಲಿ ಎಂದೂ ನಿಲ್ಲಲಾರದೆ ಹಿಂದಿನ ಪದವನ್ನು ಒರಗಿಕೊಂಡೇ ಇರುವುದೂ ನೆನಪಿಗೆ ಬರಬಹುದು. ಮಲಯದ ‘ಆಕು’ ಎಂಬ ಸ್ವತಂತ್ರ ಸರ್ವನಾಮಕ್ಕೂ ‘ಕು’ ಎಂಬ ಆಶ್ರಿತರೂಪಕ್ಕೂ ಇರುವ ನಂಟು ಹೆಚ್ಚು ಕಡಮೆ ಅಂಥದೇ.

ಈ ಪ್ರತ್ಯಯಗಳನ್ನು ಕನ್ನಡಿಗನು ಕಲಿಯಬೇಕೆಂದರೆ ಕಷ್ಟವೇ ಇಲ್ಲ. ಏಕೆಂದರೆ ಅವು ಅಂಟಿಕೊಳ್ಳುವ ಶಬ್ದಗಳಲ್ಲಿ ನಮ್ಮ ಮನೆಯವೇ ಅನೇಕವಿವೆ. ‘ನಾಮಕು’ ಎಂದರೆ ನನ್ನ ಹೆಸರು, ‘ಗುರುಮು’ ಎಂದರೆ ನಿನ್ನ ಉಪಾಧ್ಯಾಯ. ‘ಸುಆಮಿಕು’ ಎಂದರೆ ನನ್ನ ಗಂಡ, ಅದು ‘ಸ್ವಾಮಿ’. ‘ಇಸ್ತ್ರಿಕು’ ಎಂದರೆ ನನ್ನ ಹೆಂಡತಿ, ಅದು ‘ಸ್ತ್ರೀ’. ಕಪಾಲವು ‘ಕೆಪಾಲ’ವಾಗಿ ತಲೆಯೆಂಬ ಅರ್ಥವನ್ನು ತಾಳಿದೆ. ಎಲ್ಲಕ್ಕಿಂತ ಹೃದಯಂಗಮವಾದುದು ‘ಚಿಂತಾಕು’. ನಮ್ಮಲ್ಲಿ ಚಿಂತೆಯೆಂದರೆ ಮನಸ್ಸನ್ನು ಸುಡುವ ವ್ಯಾಕುಲ. ಅಲ್ಲಿ ‘ಚಿಂತ’ವೆಂದರೆ ಪ್ರೇಮ, ‘ಚಿಂತಾಕು’ ಎಂದರೆ ನನ್ನ ಪ್ರಿಯತಮ ಅಥವಾ ಪ್ರಿಯತಮೆ. ಸದಾ ಒಬ್ಬರನ್ನೇ ನೆನೆಯುವುದು ಪ್ರೇಮವೂ ಹೌದು, ವ್ಯಾಕುಲವೂ ಹೌದು. ಒಂದೇ ಶಬ್ದವು ಎರಡು ಜನಾಂಗಗಳಲ್ಲಿ ಎರಡು ದಾರಿ ಹಿಡಿದುದರಲ್ಲಿ ಆಶ್ಚರ್ಯವಿಲ್ಲ.

ಪ್ರತ್ಯಯವೆಂದು ನಾನು ಕರೆದೆನಾದರೂ ವೈಯಾಕರಣರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವರು, ಅದು ನ್ಯಾಯವಾದುದೇ. ‘ಬಾರು’ ಎಂದರೆ ಹೊಸದು. ‘ನನ್ನ ಹೊಸ ಮನೆ’ ಎನ್ನಬೇಕಾದರೆ ಮಲಯರು ‘ರುಮಾಹ್ ಬಾರುಕು’ ಎನ್ನುವರು. ಇಲ್ಲಿ ‘ಕು’ವು ಮನೆಯನ್ನು ಬಿಟ್ಟು ಹೊಸತನಕ್ಕೆ ಅಂಟಿತು. ಎಂದರೆ, ಅದು ಒಂದು ಪದದ ಅವಯವವಲ್ಲ. ಇಡೀ ಪದಸಮುಚ್ಚಯದ ತುದಿಯಲ್ಲಿ ಬಂದು ನಿಲ್ಲುವ, ಸ್ವತಂತ್ರ ಪದದಷ್ಟು ಬಲವಿಲ್ಲದ, ಪ್ರತ್ಯಯದಷ್ಟು ಪರಾಧೀನವೂ ಅಲ್ಲದ ಮಧ್ಯಸ್ಥ ಜೀವಿ. ಅದು ಕ್ರಿಯಾಪದಗಳ ಬಳಿಗೂ ಹೋಗುತ್ತದೆ: ‘ಮೆಲಿಹಾತ್‌ಕು’ ಎಂದರೆ ‘ನನ್ನನ್ನು ನೋಡು’ ಎಂಬ ಕ್ರಿಯೆ; ‘ಕುಲಿಹಾತ್’ ಎಂದು ಅದೇ ‘ಕು’ವನ್ನು ಮುಂದಕ್ಕೆ ತಂದರೆ ‘ನಾನು ನೋಡಿದೆ’ ಎಂದಾಗುತ್ತದೆ. ಬಾಂಗ್ಕಾ ದ್ವೀಪದ ಕೋತ ಕಾಪುರ್ ಎಂಬಲ್ಲಿ 1892ರಲ್ಲಿ ದೊರೆತ, ಕ್ರಿ.ಶ. 686ರ ಶಾಸನದಲ್ಲಿ, ರಾಜನಿಗೆ ವಿಧೇಯರಾಗದವರನ್ನು ಶಪಿಸುತ್ತ, ‘ಆಕು’ವಿಗೂ ‘ನಿಗಲರ್‌ಕು’ ಆದವರಿಗೂ ಭಕ್ತಿಯನ್ನೂ ಆರ್ಜವವನ್ನೂ ತೋರದವರು ಹಾಳಾಗಲಿ ಎಂಬ ಅಭಿಪ್ರಾಯವನ್ನು ಕಂಡರಿಸಲಾಗಿದೆ. ‘ನಿಗಲರ್‌ಕು’ ಎಂದರೆ ‘ನನ್ನಿಂದ ಪದವಿ ಪಡೆದವರು’. ಭಕ್ತಿ, ಆರ್ಜವ ಎಂಬ ಗಂಭೀರ ಸಂಸ್ಕೃತ ಶಬ್ದಗಳ ನಡುವೆ ಆ ರಾಜನು ತನ್ನನ್ನು ಸೂಚಿಸಿಕೊಳ್ಳುವುದಕ್ಕೆ ಮಾತ್ರ ತಾಯಿಯಿಂದ ಕಲಿತ ‘ಕು’ವನ್ನೇ ಬಳಸಿದನು. ಗುಣಗಳ ಹೆಸರನ್ನು ಎರವು ತರಬಹುದು. ‘ನಾನು’ ಎಂಬುದನ್ನು ಎರವು ತರುವುದು ಅಷ್ಟು ಸುಲಭವಲ್ಲ.

ಈ ‘ಕು’ವು ಮಲಯರ ಸ್ವಂತ ಸೊತ್ತೆಂದು ತಿಳಿಯಬಾರದು. ಪಶ್ಚಿಮದಲ್ಲಿ ಆಫ್ರಿಕದ ಮಗ್ಗುಲಿನ ಮಡಗಾಸ್ಕರಿನಿಂದ ಪೂರ್ವದಲ್ಲಿ ಈಸ್ಟರ್ ದ್ವೀಪದವರೆಗೆ, ಉತ್ತರದಲ್ಲಿ ತೈವಾನಿನಿಂದ ದಕ್ಷಿಣದಲ್ಲಿ ನ್ಯೂಜಿಲೆಂಡಿನವರೆಗೆ ಹರಡಿರುವ ಸುಮಾರು 1,200 ಭಾಷೆಗಳ ಒಂದು ಮಹಾಕುಟುಂಬವಿದೆ. ದಕ್ಷಿಣದ ದ್ವೀಪಗಳವು ಎಂಬರ್ಥದಲ್ಲಿ ಅದನ್ನು ಆಸ್ಟ್ರೋನೇಶಿಯನ್ ಎಂದು ಕರೆಯುವರು. ಭಾಷಾವಿದರು ಬಹುಮಟ್ಟಿಗೆ ಒಪ್ಪಿರುವಂತೆ, ಸುಮಾರು ಐದು ಸಾವಿರ ವರ್ಷಗಳ ಹಿಂದೆ ತೈವಾನಿನಲ್ಲಿದ್ದ ಒಂದು ಕೃಷಿಕ ಜನಾಂಗದ ನುಡಿಯು ಇದರ ಮೂಲ. ಅವರ ಸಂತತಿಯವರು ದೋಣಿಗಳಲ್ಲಿ ಫಿಲಿಪೀನ್ಸಿಗೂ, ಅಲ್ಲಿಂದ ಬೋರ್ನಿಯೋ, ಜಾವಾ, ಸುಮಾತ್ರಾಗಳಿಗೂ, ಮತ್ತೊಂದು ದಿಕ್ಕಿನಲ್ಲಿ ಶಾಂತಸಾಗರದ ದ್ವೀಪಗಳಿಗೂ ಸಾಗಿಹೋದರು. ದೋಣಿಯಲ್ಲಿ ಅವರು ಗೆಡ್ಡೆಗಳನ್ನೂ ಕೋಳಿಗಳನ್ನೂ ಒಯ್ದರು. ಒಯ್ಯುತ್ತಿದ್ದೇವೆಂದು ತಿಳಿಯದೆಯೇ ‘ಕು’ವನ್ನೂ ಒಯ್ದರು.

ಮಡಗಾಸ್ಕರಿನಲ್ಲಿ ಮನೆಗೆ ‘ತ್ರಾನು’ ಎನ್ನುವರು. ನನ್ನ ಮನೆ ‘ತ್ರಾನುಕು’, ಅವನ ಮನೆ ‘ತ್ರಾನುನಿ’. ರೋಮನ್ ಲಿಪಿಯಲ್ಲಿ ಅವರು ಇದನ್ನು ‘ತ್ರಾನೊಕೊ’ ಎಂಬಂತೆ ಬರೆಯುವರು; ಆದರೆ ಅವರ ಬರವಣಿಗೆಯಲ್ಲಿ ಒಕಾರಕ್ಕೆ ಉಕಾರದ ಉಚ್ಚಾರಣೆಯಾದುದರಿಂದ, ಬಾಯಿಂದ ಹೊರಡುವುದು ಅಚ್ಚ ‘ಕು’ವೇ. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದಕ್ಕೆ ಅವರು ‘ತಿಅಕು ಇಆನೌ’ ಎನ್ನುವರು. ಅಕ್ಷರಶಃ ‘ನನ್ನಿಂದ ಒಲಿಯಲ್ಪಟ್ಟೆ ನೀನು’. ಕೋತ ಕಾಪುರಿನ ರಾಜನ ‘ನಿಗಲರ್‌ಕು’ವಿನ ವ್ಯಾಕರಣವು ಇಲ್ಲಿ ಪ್ರೇಮಿಯ ಬಾಯಲ್ಲಿ ಜೀವಂತವಾಗಿದೆ. ಇನ್ನೊಂದು ದಿಕ್ಕಿನಲ್ಲಿ, ಶಾಂತಸಾಗರದ ಗ್ವಾಮ್ ದ್ವೀಪದ ಚಮೋರೋ ಭಾಷೆಯನ್ನು ನೋಡಿರಿ. ಅಲ್ಲಿ ಸ್ಪೇನಿನ ದೊರೆತನವು ಶತಮಾನಗಳ ಕಾಲ ನಡೆದು ಶಬ್ದಕೋಶವು ಸ್ಪ್ಯಾನಿಷ್ ಮಾತುಗಳಿಂದ ತುಂಬಿಹೋಯಿತು. ಎಣಿಸುವ ಅಂಕಿಗಳು ಕೂಡ ಸ್ಪೇನಿನವಾದುವು. ಆದರೆ ನನ್ನದಕ್ಕೆ ‘ಹು’, ನಿನ್ನದಕ್ಕೆ ‘ಮು’, ಅವನದಕ್ಕೆ ‘ನ್ಯ’ ಎಂಬ ಮೂರು ಬಾಲಗಳು ಕದಲಲಿಲ್ಲ. ಕಕಾರವು ಹಕಾರವಾದುದಷ್ಟೆ ಬದಲಾವಣೆ, ಅದು ನಮ್ಮಲ್ಲಿ ಪಾಲು ಹಾಲಾದ ಹಾಗೆ ನಿಯಮಬದ್ಧವಾದ ಧ್ವನಿವ್ಯತ್ಯಾಸ. ಉತ್ತರ ಫಿಲಿಪೀನ್ಸಿನ ಇಲೋಕೋ ನುಡಿಯಲ್ಲಿ ‘ಬಲಾಯ್‌ಕೊ’ ನನ್ನ ಮನೆಯಾದರೆ, ಸ್ವರಾಂತವಾದ ‘ಆಸೊ’ ಎಂಬ ನಾಯಿಯ ಮುಂದೆ ಅದು ಇನ್ನೂ ಸವೆದು ‘ಆಸೊಕ್’ ಎಂದು ಬರಿಯ ಕಕಾರವಾಗಿ ನಿಲ್ಲುತ್ತದೆ. ನ್ಯೂಜಿಲೆಂಡಿನ ಮಾವೊರಿಯ ‘ತೋಕು’ವಿನಲ್ಲಿ ‘ಕು’ವು ಸ್ಪಷ್ಟವಾಗಿದೆ, ಹವಾಯಿಯಲ್ಲಿ ತಕಾರವು ಕಕಾರವಾಗಿ, ಕಕಾರವು ಗಂಟಲಿನ ಒಂದು ತಡೆಯಾಗಿ ಮಾರ್ಪಟ್ಟುದರಿಂದ ಅದೇ ಪದವು ‘ಕೊ’ಉ’ ಎಂದಾಗಿದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ವ್ಯಂಜನವು ಒಂದು ಬಿಕ್ಕಿನಷ್ಟಾಗಿದ್ದರೂ ಸ್ವರವು ಕೈಬಿಟ್ಟಿಲ್ಲ.

ಈ ಸಂಬಂಧವನ್ನು ಐರೋಪ್ಯರು ಕಂಡುಕೊಂಡ ಬಗೆಯನ್ನು ವಿವರಿಸಲು ಇಲ್ಲಿ ಅವಕಾಶವಿಲ್ಲ. ಆದರೂ, ಸುಮಾತ್ರಾದ ಆಚೆ ಎಂಬ ರಾಜ್ಯದಲ್ಲಿ ಸೆರೆಯಾಳಾಗಿದ್ದು ಬಿಡುಗಡೆ ಹೊಂದಿದ ಫ್ರೆಡೆರಿಕ್ ದೆ ಹೌಟ್ಮನ್ ಎಂಬ ನೆದರ್ಲೆಂಡಿನ ನಾವಿಕನು 1603ರಲ್ಲಿ ಮಲಯ ಮತ್ತು ಮಡಗಾಸ್ಕರ್ ಭಾಷೆಗಳೆರಡರ ಶಬ್ದಗಳನ್ನೂ ಒಂದೇ ಹೊತ್ತಗೆಯಲ್ಲಿ ಮುದ್ರಿಸಿದನೆಂಬುದನ್ನೂ, ಹಿಂದೂ ಮಹಾಸಾಗರದ ಎರಡು ಅಂಚುಗಳ ಆ ಎರಡು ಭಾಷೆಗಳು ಒಡಹುಟ್ಟಿದವೆಂಬುದನ್ನು 1708ರಲ್ಲಿ ಹಾಡ್ರಿಯಾನ್ ರೇಲಾಂಡ್ ಎಂಬ ಪಂಡಿತನು ಎತ್ತಿ ಹೇಳಿದನೆಂಬುದನ್ನೂ ಸ್ಮರಿಸದೆ ಮುಂದೆ ಹೋಗಲಾರೆ. ವಿಲ್ಹೆಲ್ಮ್ ಫೊನ್ ಹುಂಬೋಲ್ಟನು ಜಾವಾದ ಕವಿಭಾಷೆಯನ್ನು ಕುರಿತು ಬರೆದ ಬೃಹದ್ಗ್ರಂಥವು ಅವನು ತೀರಿಕೊಂಡ ಮೇಲೆ, 1836ರಿಂದ 1839ರವರೆಗೆ ಪ್ರಕಟವಾಯಿತು. ಶಬ್ದಗಳು ಕೈಯಿಂದ ಕೈಗೆ ನಾಣ್ಯದಂತೆ ಸಾಗಬಲ್ಲುವು. ಸರ್ವನಾಮದ ಬಾಲಗಳು ಹಾಗೆ ಸಾಗುವುದು ಅತಿ ವಿರಳ. ಆದುದರಿಂದ ಭಾಷೆಗಳ ರಕ್ತಸಂಬಂಧವನ್ನು ನಿಶ್ಚಯಿಸುವವರು ಇಂಥ ಸಣ್ಣ ಗುರುತುಗಳನ್ನೇ ಮೊದಲು ಹುಡುಕುವರು.

ಫಿಜಿ ದ್ವೀಪಗಳಲ್ಲಿ ಈ ‘ಕು’ವು ಮೂಗಿನ ಧ್ವನಿಯನ್ನು ಕೂಡಿಕೊಂಡು ‘ಂಗು’ ಎಂದಾಗಿದೆ. ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಮನನೀಯವಾಗಿ ತೋರಿದುದು ಅಲ್ಲಿಯ ಪದ್ಧತಿ. ‘ತಮಂಗು’ ಎಂದರೆ ನನ್ನ ತಂದೆ. ‘ಉಲುಂಗು’ ಎಂದರೆ ನನ್ನ ತಲೆ. ತಂದೆತಾಯಿಗಳು, ಮಕ್ಕಳು, ಕೈ, ಕಾಲು, ಕಣ್ಣು ಇವಕ್ಕೆ ಮಾತ್ರ ಆ ಅಕ್ಷರವು ನೇರವಾಗಿ ಅಂಟುತ್ತದೆ. ಮನೆಯು ಎಷ್ಟೇ ನನ್ನದಾದರೂ ಅದಕ್ಕೆ ಅಂಟಲು ಅನುಮತಿಯಿಲ್ಲ. ‘ನೋಂಗು ವಾಲೆ’ ಎಂದು ನಡುವೆ ಒಂದು ವಾಹಕಪದವನ್ನು ಹಿಡಿದು, ಅದರ ಬೆನ್ನಿಗೆ ‘ಂಗು’ವನ್ನು ಹೊರಿಸಿ, ಅನಂತರ ಮನೆಯನ್ನು ಹೇಳಬೇಕು. ತಿನ್ನುವ ವಸ್ತುವಿಗೆ ವಾಹಕವು ಬೇರೆ, ‘ಕೆಂಗು’. ಕುಡಿಯುವುದಕ್ಕೆ ಮತ್ತೂ ಬೇರೆ, ‘ಮೆಂಗು’. ಒಂದೇ ತೆಂಗಿನಕಾಯಿಯು ತಿರುಳನ್ನು ತಿನ್ನುವವನ ಬಾಯಲ್ಲಿ ಒಂದು ವಾಹಕವನ್ನೂ, ಎಳನೀರನ್ನು ಕುಡಿಯುವವನ ಬಾಯಲ್ಲಿ ಇನ್ನೊಂದನ್ನೂ, ಮಾರಲೆಂದು ಇಟ್ಟುಕೊಂಡವನ ಬಾಯಲ್ಲಿ ಮೂರನೆಯದನ್ನೂ ಪಡೆಯುತ್ತದೆ. ಕೊಂಡರೆ ಬರುವ, ಕೊಟ್ಟರೆ ಹೋಗುವ ಸಂಬಂಧವೇ ಬೇರೆ. ಹುಟ್ಟಿನೊಡನೆ ಬಂದು ಸಾವಿನವರೆಗೂ ಕಳಚಲಾಗದ ಸಂಬಂಧವೇ ಬೇರೆ ಎಂಬ ತತ್ತ್ವವನ್ನು ಅಲ್ಲಿಯ ಶಿಶುವು ಯಾವ ಉಪದೇಶವೂ ಇಲ್ಲದೆ ಮೊದಲ ತೊದಲ್ನುಡಿಯಲ್ಲಿಯೇ ಕಲಿಯುತ್ತದೆ.

ಹವಾಯಿಯವರೂ ಮಾವೊರಿಗಳೂ ಇದನ್ನೇ ಇನ್ನೊಂದು ತೆರದಲ್ಲಿ ಸಾಧಿಸುತ್ತಾರೆ. ಅಲ್ಲಿ ‘ನನ್ನ’ ಎಂಬುದಕ್ಕೆ ಒಕಾರದ ರೂಪವೊಂದು, ಅಕಾರದ ರೂಪವೊಂದು. ತಾನು ಆರಿಸಿಕೊಳ್ಳದ ತಂದೆತಾಯಿಗಳಿಗೆ ಒಕಾರ. ತನ್ನಿಂದ ಹುಟ್ಟಿದ ಮಕ್ಕಳಿಗೆ ಅಕಾರ. ತನ್ನನ್ನು ಒಳಗಿಟ್ಟುಕೊಂಡು ಕಾಪಾಡುವ ಮನೆಗೂ ತನ್ನನ್ನು ಹೊತ್ತು ಸಾಗಿಸುವ ದೋಣಿಗೂ ತಂದೆತಾಯಿಗಳ ಒಕಾರವೇ ಸಲ್ಲುತ್ತದೆ.

ಇದೆಲ್ಲ ದೂರದ ವಿಚಿತ್ರವೆಂದು ನಾವು ನಕ್ಕು ಬಿಡುವಂತಿಲ್ಲ. ‘ತಂದೆ’ ಎಂಬ ನಮ್ಮ ನಿತ್ಯದ ಮಾತನ್ನು ಬಿಡಿಸಿ ನೋಡಿರಿ. ಸಂಗಂ ಕಾಲದ ತಮಿಳಿನಲ್ಲಿ ‘ಎಂದೈ’ ಎಂದರೆ ನನ್ನ ತಂದೆ, ‘ನುಂದೈ’ ಎಂದರೆ ನಿನ್ನ ತಂದೆ, ‘ತಂದೈ’ ಎಂದರೆ ಅವನ ಅಥವಾ ತನ್ನ ತಂದೆ. ಹಾಗೆಯೇ ‘ಯಾಯ್’, ‘ಞಾಯ್’, ‘ತಾಯ್’ ಎಂದು ತಾಯಿಗೂ ಮೂರು ರೂಪಗಳು. ಮೊದಲೆರಡು ಮರೆಯಾಗಿ ಮೂರನೆಯವು ಮಾತ್ರ ಕನ್ನಡದಲ್ಲಿ ಉಳಿದುವು. ಆದುದರಿಂದ ನಾವಿಂದು ‘ನಮ್ಮ ತಂದೆ’ ಎನ್ನುವಾಗ ನಿಜವಾಗಿ ‘ನಮ್ಮ ಅವನ ಅಪ್ಪ’ ಎಂದೇ ಹೇಳುತ್ತಿರುತ್ತೇವೆ. ಸವೆದುಹೋದ ಆ ‘ತಮ್’ ಎಂಬ ಸರ್ವನಾಮವು ನಮ್ಮ ಕಿವಿಗೆ ಕೇಳಿಸದು. ಫಿಜಿಯವನು ಬಾಲವಾಗಿ ಇಟ್ಟುದನ್ನು ದ್ರಾವಿಡರು ತಲೆಯಾಗಿ ಇಟ್ಟರು. ಅಪ್ಪ ಎಂಬುವನು ಯಾರೋ ಒಬ್ಬರ ಅಪ್ಪನಾಗಿಯಲ್ಲದೆ ಇರಲಾರನೆಂಬ ತಿಳಿವು ಮಾತ್ರ ಎರಡೆಡೆಯಲ್ಲಿಯೂ ಒಂದೇ.

ಹೋಲಿಕೆಯು ಇನ್ನೂ ಒಂದು ಕಡೆ ಉಂಟು. ಮಲಯದಲ್ಲಿ ‘ನಾವು’ ಎಂಬುದಕ್ಕೆ ಎರಡು ಪದಗಳು: ಕೇಳುವವನನ್ನು ಸೇರಿಸಿಕೊಂಡು ‘ಕಿತ’, ಅವನನ್ನು ಹೊರಗಿಟ್ಟು ‘ಕಾಮಿ’. ಕನ್ನಡದಲ್ಲಿ ಈ ಭೇದವು ಅಳಿದಿದೆಯಾದರೂ ನಮ್ಮ ಕರಾವಳಿಯ ತುಳುವಿನಲ್ಲಿ ‘ನಮ’, ‘ಎಂಕುಲು’ ಎಂದು ಇಂದಿಗೂ ನೆಲೆಯಾಗಿದೆ; ಮಂಗಳೂರಿನವರೊಬ್ಬರಿಗೆ ಮಲಯವನ್ನು ಕಲಿಸುವವರು ಈ ಪಾಠದಲ್ಲಿ ಒಂದು ಕ್ಷಣವೂ ನಿಲ್ಲಬೇಕಾಗಿಲ್ಲ. 1928ರ ಅಕ್ಟೋಬರ್ 28ರಂದು ಇಂಡೋನೇಶಿಯದ ತರುಣರು ಕೈಗೊಂಡ ಪ್ರತಿಜ್ಞೆಯೂ, 1945ರ ಆಗಸ್ಟ್ 17ರ ಸ್ವಾತಂತ್ರ್ಯಘೋಷಣೆಯೂ ‘ಕಾಮಿ’ ಎಂಬ ಮಾತಿನಿಂದಲೇ ಆರಂಭವಾಗುತ್ತವೆ. ಏಕೆಂದರೆ ಅವು ಲೋಕವನ್ನು ಕುರಿತು ಆಡಿದ ಮಾತುಗಳು, ಕೇಳುತ್ತಿದ್ದವರಲ್ಲಿ ಆಳರಸರೂ ಇದ್ದರು. ಮಡಗಾಸ್ಕರಿನಲ್ಲಿ ಈ ಎರಡು ‘ನಾವು’ಗಳಿಗೂ ಬಾಲಗಳಿವೆ, ಮಲಯದಲ್ಲಿ ಅವು ಉದುರಿಹೋಗಿ ‘ರುಮಾಹ್ ಕಾಮಿ’, ‘ರುಮಾಹ್ ಕಿತ’ ಎಂದು ಬಿಡಿಪದಗಳನ್ನೇ ಇಡಬೇಕಾಗಿದೆ. ಆದರೆ ಕೆದುಕಾನ್ ಬುಕಿತ್ತಿನ ಪ್ರಭುವಿನ ‘ದಪುಂತ’ ಎಂಬ ಬಿರುದನ್ನು ವಿದ್ವಾಂಸರು ‘ನಮ್ಮೆಲ್ಲರ ಒಡೆಯ’ ಎಂದು ಬಿಡಿಸುವರು. ಕೊನೆಯ ‘ತ’ವು ‘ಕಿತ’ದ ತಕಾರವೇ. ಫಿಲಿಪೀನ್ಸಿನ ಟಾಗಲೋಗಿನಲ್ಲಿ ಈ ‘ಕಿತ’ವು ‘ನಾನು ನಿನ್ನನ್ನು’ ಎಂಬ ಇಬ್ಬರ ಲೋಕವಾಗಿ ಕುಗ್ಗಿದೆ. ‘ಮಹಾಲ್ ಕಿತ’ ಎಂದರೆ ಅಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’. ಅದೇ ‘ಮಹಾಲ್’ ಮಲಯದಲ್ಲಿ ಬೆಲೆ ಹೆಚ್ಚಾದುದೆಂಬ ಅರ್ಥದಲ್ಲಿ ಸಂತೆಯ ಮಾತಾಗಿದೆ.

ಇನ್ನು ‘ಮು’ವಿನ ಕತೆ. ಮೂಲಭಾಷೆಯಲ್ಲಿ ಇದು ‘ನಿನ್ನ’ ಎಂಬ ಏಕವಚನವಾಗಿರಲಿಲ್ಲ, ‘ನಿಮ್ಮ’ ಎಂಬ ಬಹುವಚನವಾಗಿತ್ತು. ಏಕವಚನಕ್ಕೆ ‘ಸು’ ಎಂಬ ಬೇರೆ ರೂಪವಿತ್ತು. ತೈವಾನಿನ ಪೈವಾನ್ ಮೊದಲಾದ ಮೂಲನಿವಾಸಿಗಳ ನುಡಿಗಳಲ್ಲಿ ಆ ‘ಸು’ವು ಇಂದಿಗೂ ಇದೆ. ತೈವಾನಿನಿಂದ ಹೊರಬಿದ್ದ ಭಾಷೆಗಳಲ್ಲಿ ಮಾತ್ರ, ಮಲಯದಿಂದ ಫಿಜಿಯವರೆಗೆ, ಒಬ್ಬನೇ ಒಬ್ಬನಿಗೆ ‘ಮು’ ಸಲ್ಲುತ್ತದೆ. ರಾಬರ್ಟ್ ಬ್ಲಸ್ಟ್ ಎಂಬ ವಿದ್ವಾಂಸರು 1977ರಲ್ಲಿ ಇದನ್ನು ವಿವೇಚಿಸಿ, ಕಡಲಿಗಿಳಿದ ಆ ಮೊದಲ ತಂಡದವರು ಒಬ್ಬನನ್ನು ಗೌರವದಿಂದ ಬಹುವಚನದಲ್ಲಿ ಕರೆಯುವ ರೂಢಿಯನ್ನು ಬೆಳೆಸಿಕೊಂಡಿದ್ದರೆಂದೂ, ಆ ಸೌಜನ್ಯದ ಗುರುತೇ ಅವರ ಸಂತತಿಯ ಭಾಷೆಗಳನ್ನೆಲ್ಲ ಒಂದು ಶಾಖೆಯೆಂದು ಸಾರುವುದೆಂದೂ ತೋರಿಸಿದರು. ಹಿರಿಯರನ್ನು ‘ನೀವು’ ಎನ್ನುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಮುಂದೆ ನಡೆದುದನ್ನು ನೋಡಿರಿ: ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಸಲ್ಲಿಸಿದ ಗೌರವವು ಸವೆದು ಸಲಿಗೆಯಾಯಿತು. ಇಂದು ಇಂಡೋನೇಶಿಯದಲ್ಲಿ ಹಿರಿಯರಿಗೆ ‘ರುಮಾಹ್‌ಮು’ ಎಂದರೆ ಅವಿನಯ; ‘ಅಪ್ಪ’ ಎಂಬರ್ಥದ ‘ಬಾಪಕ್’, ‘ಅಮ್ಮ’ ಎಂಬರ್ಥದ ‘ಇಬು’ ಇವನ್ನೇ ಸರ್ವನಾಮದ ಸ್ಥಾನದಲ್ಲಿಟ್ಟು ‘ರುಮಾಹ್ ಬಾಪಕ್’ ಎನ್ನಬೇಕು. 1950ರ ದಶಕದ ಉತ್ತರಾರ್ಧದಲ್ಲಿ ಸರ್ವರಿಗೂ ಸಮಾನವಾಗಿ ಸಲ್ಲಲೆಂದು ‘ಆಂದ’ ಎಂಬ ಹೊಸ ಸರ್ವನಾಮವನ್ನು ಪತ್ರಿಕೆಗಳ ಮೂಲಕ ಬಳಕೆಗೆ ತಂದರು, ಅದಕ್ಕೆ ಬಾಲವಿಲ್ಲ.

‘ಕು’ವಿಗೂ ಇದೇ ಗತಿ. ಸಭ್ಯರ ಎದುರಿನಲ್ಲಿ ‘ಆಕು’ ಎಂದು ಆಡಬಾರದು, ‘ಸಾಯ’ ಎನ್ನಬೇಕು. ಈ ‘ಸಾಯ’ವು ನಮ್ಮ ‘ಸಹಾಯ’ವೇ; ಸಂಸ್ಕೃತದಲ್ಲಿ ಒಡನಾಡಿ, ನೆರವಿಗೆ ನಿಂತವನು ಎಂಬರ್ಥದ ಆ ಪದವು ಮಲಯರಲ್ಲಿ ಸೇವಕನೆಂಬ ಅರ್ಥವನ್ನು ಪಡೆದು, ‘ತಮ್ಮ ಸೇವಕನಾದ ನಾನು’ ಎಂಬ ವಿನಯದ ದಾರಿಯಿಂದ ಬರಿಯ ‘ನಾನು’ ಆಯಿತು. ಅದು ಹುಟ್ಟಿನಿಂದ ನಾಮಪದ. ಸರ್ವನಾಮದ ಪಟ್ಟಕ್ಕೇರಿದರೂ ಕುಗ್ಗಿ ಬಾಲವಾಗುವ ವಿದ್ಯೆ ಅದಕ್ಕೆ ಬರಲಿಲ್ಲ. ಆದುದರಿಂದ ‘ರುಮಾಹ್ ಸಾಯ’. ಜಾವಾದ ಭಾಷೆಯಲ್ಲಿ ಈ ಭೇದವು ಇನ್ನೂ ನಿಶಿತವಾಗಿದೆ. ಸಲಿಗೆಯ ಮಟ್ಟದಲ್ಲಿ ಮನೆಯು ‘ಒಮಾಹ್’, ನನ್ನದು ‘ಒಮಾಹ್‌ಕು’. ಗೌರವದ ಮಟ್ಟಕ್ಕೇರಿದೊಡನೆ ಮನೆಯೇ ‘ಗ್ರಿಯ’ ಎಂದಾಗುತ್ತದೆ, ಅದು ಸಂಸ್ಕೃತದ ‘ಗೃಹ’. ‘ಕು’ವು ಅಲ್ಲಿ ಪ್ರವೇಶಿಸಲಾರದೆ ‘ಗ್ರಿಯ ಕುಲ’ ಎಂಬ ಬಿಡಿಪದಕ್ಕೆ ಸ್ಥಳ ಬಿಡುತ್ತದೆ. ಜಕಾರ್ತಾದ ತರುಣರು ಸಲಿಗೆಯಲ್ಲಿಯೂ ಈಗ ಚೀನದ ಹೊಕ್ಕಿಯೆನ್ ನುಡಿಯಿಂದ ಬಂದ ‘ಗುಎ’ ಎಂಬುದನ್ನು ಬಳಸಿ ‘ರುಮಾಹ್ ಗುಎ’ ಎನ್ನುವರು. ಎರವು ತರುವುದು ಕಷ್ಟವೆಂದು ಮೇಲೆ ಹೇಳಿದ ‘ನಾನು’ವನ್ನು ಆ ಜನ ವಿನಯಕ್ಕಾಗಿ ಭಾರತದಿಂದಲೂ ಸ್ನೇಹಕ್ಕಾಗಿ ಚೀನದಿಂದಲೂ ತಂದರು, ಆದರೆ ತಂದವೆರಡೂ ಪದಗಳಾಗಿಯೇ ಉಳಿದುವು, ಅಕ್ಷರವಾಗಿ ಕರಗಲಿಲ್ಲ.

ಹಾಗಾದರೆ ‘ಕು’, ‘ಮು’ಗಳು ಎಲ್ಲಿ ನಿಂತುವು? ಮರ್ಯಾದೆಯ ಅಳತೆಗಳು ಹೊಸ್ತಿಲ ಆಚೆಯಲ್ಲಿಯೇ ಉಳಿಯುವ ಎಡೆಗಳಲ್ಲಿ ನಿಂತುವು. ತಾಯಿಯು ಮಗುವಿಗೆ, ಗೆಳೆಯನು ಗೆಳೆಯನಿಗೆ, ನಲ್ಲನು ನಲ್ಲೆಗೆ, ಭಕ್ತನು ದೇವರಿಗೆ ಆಡುವ ಮಾತಿನಲ್ಲಿ ಅವು ಸುಖವಾಗಿವೆ. ದೇವರನ್ನು ‘ನೀನು’ ಎನ್ನುವ ನಮ್ಮ ಶರಣರ ದಾಸರ ಸಂಪ್ರದಾಯದಲ್ಲಿ ಬೆಳೆದವರಿಗೆ ಇದು ಸಹಜವೆನಿಸುತ್ತದೆ. ಇಸ್ಲಾಮಿನ ಪ್ರವೇಶವೂ ಈ ಪ್ರತ್ಯಯಗಳಿಗೆ ಅನುಕೂಲವನ್ನೇ ಮಾಡಿತು. ಏಕೆಂದರೆ ಅರಬ್ಬಿಯಲ್ಲಿಯೂ ಸರ್ವನಾಮವು ನಾಮಪದದ ಬಾಲವಾಗಿಯೇ ಬರುತ್ತದೆ, ‘ರಬ್ಬೀ’ ಎಂಬುದನ್ನು ‘ತುಹಾನ್‌ಕು’ ಎಂದು ಒಂದು ಪದಕ್ಕೆ ಒಂದು ಪದವನ್ನಿಟ್ಟು ಅನುವಾದಿಸಬಹುದಾಗಿತ್ತು. 1972ರಲ್ಲಿ ಇಂಡೋನೇಶಿಯದ ಸರ್ಕಾರವು ಕಾಗುಣಿತವನ್ನು ‘ಸೆಂಪುರ್ನ’ಗೊಳಿಸಿದಾಗ (ಆ ಪದವೂ ನಮ್ಮ ‘ಸಂಪೂರ್ಣ’ವೇ) ಜಾರಿಗೆ ಬಂದ ಪದ್ಧತಿಯಲ್ಲಿ, ಪ್ರತ್ಯಯವು ದೇವರನ್ನು ಸೂಚಿಸುವಾಗ ಅದನ್ನು ಅಡ್ಡಗೀಟಿನಿಂದ ಬೇರ್ಪಡಿಸಿ ರೋಮನ್ ಲಿಪಿಯ ದೊಡ್ಡಕ್ಷರದಿಂದ ಬರೆಯಬೇಕು. ಉಳಿದೆಲ್ಲರೆದುರು ಚಿಕ್ಕದಾಗಿ ಅಂಟಿಕೊಂಡಿರುವ ಅಕ್ಷರವು ಅಲ್ಲಿ ಮಾತ್ರ ತಲೆಯೆತ್ತಿ ನಿಲ್ಲುತ್ತದೆ. ಈ ನಿಯಮಕ್ಕೆ ಮುಂಚಿನವನಾದ ಕವಿ ಅಮೀರ್ ಹಮ್ಜಾ 1937ರಲ್ಲಿ ಪ್ರಕಟವಾದ ‘ನ್ಯಾನ್ಯಿ ಸುನ್ಯಿ’ ಎಂಬ ಸಂಗ್ರಹದಲ್ಲಿ ಸೇರಿಸಿದ ಒಂದು ಕವನಕ್ಕೆ ‘ಪಾದಾಮು ಜುಅ’, ‘ನಿನ್ನೆಡೆಗೇ’ ಎಂದು ಹೆಸರು. ಆ ‘ಮು’ವು ದೇವರೋ ದೂರವಾದ ಪ್ರಿಯಳೋ ಎಂಬುದನ್ನು ಸಹೃದಯರು ಇಂದಿಗೂ ಚರ್ಚಿಸುವರು. ಎರಡೂ ಆಗಬಲ್ಲ ಅಕ್ಷರವೊಂದು ಭಾಷೆಯಲ್ಲಿ ಸಿದ್ಧವಾಗಿದ್ದುದು ಅಂಥ ಕವಿಯ ಪುಣ್ಯವೆಂದೇ ನಾನು ತಿಳಿಯುತ್ತೇನೆ.

ಗೌರವವನ್ನೇ ಹೊತ್ತ ಬಾಲವೊಂದು ಹಿಂದೆ ಇತ್ತೆಂಬುದನ್ನೂ ಹೇಳಬೇಕು. ಕ್ರಿ.ಶ. 684ರ ತಾಲಾಂಗ್ ತುವೊ ಶಾಸನದಲ್ಲಿ, ಶ್ರೀಜಯನಾಶನೆಂಬ ರಾಜನು ಸಕಲ ಪ್ರಾಣಿಗಳ ಹಿತಕ್ಕಾಗಿ ತೆಂಗು, ಕಂಗು ಮೊದಲಾದ ಮರಗಳ ಉದ್ಯಾನವನ್ನು ನೆಡಿಸಿದ ಸಂಕಲ್ಪವನ್ನು ‘ಪ್ರಣಿಧಾನಾಂಡ’ ಎಂದು ಕರೆದಿದೆ: ‘ಪ್ರಣಿಧಾನ’ವು ಬೌದ್ಧರ ಸಂಸ್ಕೃತ, ‘ಂಡ’ವು ‘ಅವರ’ ಎಂಬ ಪೂಜ್ಯಾರ್ಥದ ಪ್ರತ್ಯಯ. ಅದು ಇಂದು ‘ಆಯಹಾಂದ’, ‘ಇಬುಂದ’, ‘ಅದಿಂದ’ ಎಂಬ ತಂದೆ, ತಾಯಿ, ತಂಗಿಯರ ಪೂಜ್ಯನಾಮಗಳಲ್ಲಿ ಮಾತ್ರ ಹೆಪ್ಪುಗಟ್ಟಿ ನಿಂತಿದೆ. ಹಳೆಯ ಕಾಲದ ಓಲೆಗಳಲ್ಲಿ ಪತಿಯು ಪತ್ನಿಯನ್ನು ‘ಅದಿಂದ’ ಎಂದು ಸಂಬೋಧಿಸುತ್ತಿದ್ದನು. ಜಾವಾದ ರೈತರ ಸಂಕಟವನ್ನು ಯುರೋಪಿಗೆ ಮುಟ್ಟಿಸಿದ, 1860ರಲ್ಲಿ ಪ್ರಕಟವಾದ ‘ಮಾಕ್ಸ್ ಹಾಫೆಲಾರ್’ ಎಂಬ ಡಚ್ ಕಾದಂಬರಿಯಲ್ಲಿ, ಎಮ್ಮೆಗಳನ್ನು ಕಿತ್ತುಕೊಂಡವರ ಲೋಭದಿಂದ ಬಾಳು ಹಾಳಾದ ತರುಣನ ನಲ್ಲೆಯ ಹೆಸರು ಇದೇ.

‘ನ್ಯ’ವೊಂದು ಯಾವ ಮರ್ಯಾದೆಗೂ ಸಿಕ್ಕದೆ, ದಿನೇ ದಿನೇ ಬೆಳೆಯುತ್ತಲೇ ಇದೆ. ಅದಕ್ಕೆ ಲಿಂಗವಿಲ್ಲ, ಮಲಯದಿಂದ ಕನ್ನಡಕ್ಕೆ ಒಂದು ಕತೆಯನ್ನು ತರಲೆಳಸುವವರು, ಮೂಲವು ಬೇಕೆಂದೇ ಮುಚ್ಚಿಟ್ಟುದನ್ನು ‘ಅವನ’ ಎಂದೋ ‘ಅವಳ’ ಎಂದೋ ಮೊದಲ ಪುಟದಲ್ಲಿಯೇ ಬಯಲು ಮಾಡಬೇಕಾದ ಸಂಕಟಕ್ಕೆ ಗುರಿಯಾಗುವರು. ಅದು ‘ಯಾರದು’ ಎಂಬ ಅರ್ಥವನ್ನೇ ಬಿಟ್ಟು, ಮಾತನಾಡುತ್ತಿರುವವರಿಬ್ಬರಿಗೂ ತಿಳಿದ ‘ಆ’ ವಸ್ತು ಎಂಬುದನ್ನು ಸೂಚಿಸುತ್ತದೆ. ಗುಣವಾಚಕಕ್ಕೆ ಸೇರಿ ‘ತಿಂಗ್ಗಿನ್ಯ’, ಅದರ ಎತ್ತರ, ಎಂದು ಭಾವನಾಮವನ್ನು ಸೃಷ್ಟಿಸುತ್ತದೆ. ‘ರೂಪ’ಕ್ಕೆ ಸೇರಿ ‘ರುಪಾನ್ಯ’ ಎಂದರೆ ‘ಹಾಗೆಂದು ತೋರುತ್ತದೆ’. ‘ರಸ’ಕ್ಕೆ ಸೇರಿ ‘ರಸಾನ್ಯ’ ಎಂದರೆ ‘ನನಗನ್ನಿಸುವಂತೆ’. ‘ಅರ್ಥ’ಕ್ಕೆ ಸೇರಿ ‘ಅರ್ತಿನ್ಯ’ ಎಂದರೆ ‘ಎಂದರೆ’. ಆಲಂಕಾರಿಕರು ಶತಮಾನಗಳ ಕಾಲ ಚರ್ಚಿಸಿದ ರಸವು ಆ ದ್ವೀಪಗಳಲ್ಲಿ ಒಂದು ಬಾಲವನ್ನು ಪಡೆದು, ಮೋಡ ಕವಿದ ಸಂಜೆಯಲ್ಲಿ ಮಳೆ ಬರಬಹುದೆಂದು ನೆರೆಯವರು ಆಡಿಕೊಳ್ಳುವ ಮಾತಾಗಿದೆ.

ಮನೆಗೆ ಬಂದ ಹಿರಿಯರು ಬಾಗಿಲ ಮರೆಯಲ್ಲಿ ನಿಂತ ಮಗುವನ್ನು ಕಂಡು ‘ನಾಮಾನ್ಯ ಸಿಆಪ?’ ಎಂದು ಕೇಳುತ್ತಾರೆ. ‘ಅದರ ಹೆಸರೇನು?’ ಎಂದು ಅಕ್ಷರಾರ್ಥ. ‘ನಿನ್ನ ಹೆಸರೇನು, ಮಗು?’ ಎಂಬುದು ಭಾವ. ಎದುರಿಗಿರುವವರನ್ನು ‘ಮು’ ಎಂದು ಮುಟ್ಟುವುದಕ್ಕೆ ಮುಂಚೆ, ಪರಿಚಯವಿಲ್ಲದವರೊಡನೆ, ‘ನ್ಯ’ ಎಂದು ಒಂದು ಹೆಜ್ಜೆ ಆಚೆ ನಿಂತು ಕೇಳುವುದು ಆ ನಾಡಿನ ಸೌಜನ್ಯ. ಮಗುವು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲ ಹಿಂದಿನಿಂದ ಅರ್ಧ ಮುಖವನ್ನು ಹೊರಗಿಟ್ಟು, ‘ನಾಮಾಕು...’ ಎಂದು ಆರಂಭಿಸುತ್ತದೆ.